ಈ ಫೋನಿನ ಆ್ಯಪ್ ಆ ಫೋನಿಗೆ ಏಕೆ ಬಾರದು?

ಮನೆಯಲ್ಲಿ ಮಗನೋ ಸೊಸೆಯೋ ಹೊಸ ಫೋನ್ ಕೊಂಡಾಗ ಹಳೆಯದು ಹಿರಿಯರ ಪಾಲಿಗೆ ಬರುವುದು ನಗರವಾಸಿ ಕುಟುಂಬಗಳಲ್ಲಿ ರೂಢಿಯೇ ಆಗಿದೆ. ವರ್ಷಗಟ್ಟಲೆ ಆಂಡ್ರಾಯ್ಡ್ ಫೋನಿಗೆ ಕೈ ಪಳಗಿಸಿಕೊಂಡವರ ಬಳಿಗೆ ಹೀಗೆ ಐಫೋನ್ ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ಒಂದೇ: "ಅದರಲ್ಲಿದ್ದ ಪಂಚಾಂಗ ಇದರಲ್ಲಿ ಏಕಿಲ್ಲ?" ಹುಡುಕಿ ನೋಡಿದರೆ ಆ ಪಂಚಾಂಗದ ಆ್ಯಪ್ ಐಫೋನಿನ ಅಂಗಡಿಯಲ್ಲಿ ಇರುವುದೇ ಇಲ್ಲ. ಇದ್ದರೂ ಅದರ ರೂಪ ಬೇರೆ. ಅಲ್ಲಿ ಒಮ್ಮೆ ಹಣ ಕೊಟ್ಟು ಕೊಂಡಿದ್ದರೆ ಇಲ್ಲಿ ಮತ್ತೊಮ್ಮೆ ಕೊಳ್ಳಬೇಕು.

ಆ್ಯಪ್ ತಯಾರಿಸಿದವರ ಉದಾಸೀನವೇ ಇದಕ್ಕೆ ಕಾರಣವೆಂದು ಬೈದುಕೊಳ್ಳುವುದು ಸುಲಭ. ವಾಸ್ತವವಾಗಿ ಇಲ್ಲಿ ಎರಡು ಬೇರೆ ಬೇರೆ ತೊಡಕುಗಳು ಹೆಣೆದುಕೊಂಡಿವೆ. ಮೊದಲನೆಯದು ತಾಂತ್ರಿಕವಾದುದು, ಹಣ ಮತ್ತು ಶ್ರಮ ಸುರಿದರೆ ಅದು ಕರಗುತ್ತದೆ. ಎರಡನೆಯದು ಅನುಮತಿಗೆ ಸಂಬಂಧಿಸಿದುದು. ಫೋನು ನಮ್ಮದಾದರೂ ಅದರಲ್ಲಿ ಏನು ಓಡಬಹುದು, ಏನು ಓಡಬಾರದು ಎಂಬ ತೀರ್ಮಾನ ಬಹುಮಟ್ಟಿಗೆ ಅದರ ಕಾರ್ಯಾಚರಣ ವ್ಯವಸ್ಥೆಯನ್ನು ನಿರ್ಮಿಸಿದ ಸಂಸ್ಥೆಯ ಕೈಯಲ್ಲಿದೆ. ಎಷ್ಟು ಶ್ರಮಪಟ್ಟರೂ ಕರಗದ ತೊಡಕು ಇದು. ಕನ್ನಡ ಬರೆಯುವವರಿಗೂ ಇದು ಹಲವು ವರ್ಷ ನೇರವಾಗಿಯೇ ತಟ್ಟಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಂತಿಲ್ಲ.

ಮೊದಲು ತಾಂತ್ರಿಕ ಸಂಗತಿಯನ್ನು ನೋಡೋಣ. ಆ್ಯಪ್ ಎಂಬುದು ತನ್ನಷ್ಟಕ್ಕೆ ತಾನೇ ನಿಂತಿರುವ ವಸ್ತುವಲ್ಲ. ಪರದೆಯ ಮೇಲೆ ಒಂದು ಅಕ್ಷರ ಮೂಡಿಸಬೇಕಾದರೂ, ಕ್ಯಾಮೆರಾ ತೆರೆಯಬೇಕಾದರೂ, ನೀವು ಎಲ್ಲಿದ್ದೀರಿ ಎಂದು ತಿಳಿಯಬೇಕಾದರೂ ಅದು ಫೋನಿನ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಿಕೊಳ್ಳಬೇಕು. ಗೂಗಲ್ ಸಂಸ್ಥೆಯ ಆಂಡ್ರಾಯ್ಡಿನಲ್ಲಿ ಹೀಗೆ ಕೇಳುವ ಕ್ರಮ ಒಂದು, ಆಪಲ್ ಸಂಸ್ಥೆಯ ಐಓಎಸ್‌ನಲ್ಲಿ ಇನ್ನೊಂದು. ಆಂಡ್ರಾಯ್ಡ್ ಆ್ಯಪ್‌ಗಳನ್ನು ಮೊದಲಿನಿಂದ ಜಾವಾ ಭಾಷೆಯಲ್ಲಿ ಬರೆಯುತ್ತಿದ್ದರು. ೨೦೧೭ರಿಂದ ಕಾಟ್ಲಿನ್ ಭಾಷೆಗೂ ಗೂಗಲ್‌ನ ಅಧಿಕೃತ ಮನ್ನಣೆ ದೊರೆಯಿತು. ಐಫೋನಿಗೆ ಆಬ್ಜೆಕ್ಟಿವ್ ಸಿ ಎಂಬ ಭಾಷೆ ಇತ್ತು. ೨೦೧೪ರಲ್ಲಿ ಸ್ವಿಫ್ಟ್ ಬಂದಿತು. ಆದುದರಿಂದ ಆ್ಯಪ್ ಅನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದೆಂದರೆ ಪುಸ್ತಕವನ್ನು ಒಂದು ಕಪಾಟಿನಿಂದ ಇನ್ನೊಂದಕ್ಕೆ ಎತ್ತಿಡುವಂತಲ್ಲ. ಹೆಚ್ಚಿನ ಭಾಗವನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ.

ನುಡಿ ತಂತ್ರಾಂಶದ ಕಾಲವನ್ನು ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ಆಗ ಟೈಪು ಮಾಡಿದ ಲೇಖನವನ್ನು ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಬದಲಿಗೆ ವಿಚಿತ್ರ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. ಯುನಿಕೋಡ್ ಎಂಬ ಸಾಮಾನ್ಯ ಒಡಂಬಡಿಕೆ ಬಳಕೆಗೆ ಬಂದ ಮೇಲೆ ಕನ್ನಡ ಬರಹ ಯಾವ ಯಂತ್ರಕ್ಕೂ ಹೋಗುವಂತಾಯಿತು. ಬರಹಕ್ಕೆ ದೊರೆತ ಈ ಬಿಡುಗಡೆ ಬರಹವನ್ನು ಮೂಡಿಸುವ ತಂತ್ರಾಂಶಕ್ಕೆ ದೊರೆಯಲಿಲ್ಲ. ಫೋನು ತಯಾರಿಸುವ ದೊಡ್ಡ ಸಂಸ್ಥೆಗಳಿಗೆ ಅಂತಹ ಒಡಂಬಡಿಕೆಯಿಂದ ಲಾಭವೇನೂ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಎರಡನೆಯ ತೊಡಕಿಗೆ ನಮ್ಮ ಯಕ್ಷಗಾನದ ಉದಾಹರಣೆ ಒಪ್ಪುತ್ತದೆ. ಊರಿನ ಮೇಳವೊಂದು ಮುಂಬಯಿಯ ಸಭಾಗೃಹಕ್ಕೆ ಬಂದು ಆಡುವಾಗ ಪ್ರಸಂಗ ಅದೇ, ಭಾಗವತರೂ ಅವರೇ. ಆದರೆ ರಾತ್ರಿಯಿಡೀ ನಡೆಯಬೇಕಾದ ಆಟ ಮೂರು ಗಂಟೆಗೆ ಇಳಿಯಬೇಕು. ದೀವಟಿಗೆಯನ್ನು ಒಳಗೆ ತರುವಂತಿಲ್ಲ. ಹೊತ್ತು ಮೀರಿದರೆ ವ್ಯವಸ್ಥಾಪಕರು ಧ್ವನಿವರ್ಧಕ ನಿಲ್ಲಿಸುತ್ತಾರೆ. ಕಲಾವಿದರ ಸಾಮರ್ಥ್ಯಕ್ಕೂ ಈ ಕಟ್ಟುಪಾಡುಗಳಿಗೂ ಸಂಬಂಧವಿಲ್ಲ. ವೇದಿಕೆ ಯಾರದೋ ನಿಯಮ ಅವರದು, ಅಷ್ಟೇ. ತಂತ್ರಾಂಶ ಲೋಕದಲ್ಲೂ ಇವುಗಳನ್ನು ವೇದಿಕೆಗಳೆಂದೇ ಕರೆಯುತ್ತಾರೆ.

ಈ ನಿಯಮಗಳ ಬಲ ಎಷ್ಟೆಂಬುದು ಜಗತ್ತಿಗೆ ಚೆನ್ನಾಗಿ ಮನವರಿಕೆಯಾದುದು ೨೦೧೦ರಲ್ಲಿ. ಹಿನ್ನೆಲೆ ಹೀಗಿದೆ. ೨೦೦೭ರ ಜೂನಿನಲ್ಲಿ ಐಫೋನ್ ಮಾರಾಟಕ್ಕೆ ಬಂದಾಗ ಹೊರಗಿನವರು ಅದಕ್ಕೆ ಆ್ಯಪ್ ಬರೆಯಲು ಅವಕಾಶವೇ ಇರಲಿಲ್ಲ. ಜಾಲತಾಣಗಳನ್ನೇ ಆ್ಯಪ್‌ನಂತೆ ರೂಪಿಸಿಕೊಳ್ಳಿರೆಂದು ಸ್ಟೀವ್ ಜಾಬ್ಸ್ ಹೇಳಿದ್ದರು. ೨೦೦೮ರ ಜುಲೈನಲ್ಲಿ ಆಪ್ ಸ್ಟೋರ್ ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಂಡ್ರಾಯ್ಡಿನ ಮೊದಲ ಫೋನೂ ಅದರ ಅಂಗಡಿಯೂ ಬಂದವು. ಎರಡೂ ಕಡೆಗೆ ಬೇರೆ ಬೇರೆಯಾಗಿ ಬರೆಯುವ ಕಷ್ಟ ಅಂದಿನಿಂದಲೇ ಆರಂಭವಾಯಿತು. ಅಡೋಬಿ ಸಂಸ್ಥೆ ಇದಕ್ಕೊಂದು ಪರಿಹಾರ ಹುಡುಕಿತು. ಜಾಲತಾಣಗಳಲ್ಲಿ ಚಲನಚಿತ್ರ, ಆಟಗಳಿಗಾಗಿ ಎಲ್ಲೆಡೆ ಬಳಕೆಯಲ್ಲಿದ್ದ ಅದರ ಫ್ಲ್ಯಾಶ್ ತಂತ್ರಜ್ಞಾನದಲ್ಲಿ ಒಮ್ಮೆ ಬರೆದರೆ ಸಾಕು, ಅದನ್ನು ಐಫೋನಿನ ಆ್ಯಪ್ ಆಗಿ ಪರಿವರ್ತಿಸಿ ಕೊಡುವ ಸಲಕರಣೆಯನ್ನು ಅದು ಸಿದ್ಧಪಡಿಸಿತು.

ಆ ಸಲಕರಣೆ ಹೊರಬೀಳುವ ಕೆಲವೇ ದಿನಗಳ ಮುಂಚೆ, ೨೦೧೦ರ ಏಪ್ರಿಲ್ ೮ರಂದು, ಆಪಲ್ ತನ್ನ ಹೊಸ ಒಪ್ಪಂದ ಪತ್ರವನ್ನು ಮುಂದಿಟ್ಟಿತು. ಅದರ ೩.೩.೧ನೆಯ ಕಲಮಿನ ಪ್ರಕಾರ ಐಫೋನಿನ ಆ್ಯಪ್‌ಗಳು ಮೂಲತಃ ಆಬ್ಜೆಕ್ಟಿವ್ ಸಿ, ಸಿ, ಸಿ ಪ್ಲಸ್ ಪ್ಲಸ್ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿಯೇ ಬರೆಯಲ್ಪಟ್ಟಿರಬೇಕು. "ಮೂಲತಃ" ಎಂಬ ಒಂದೇ ಪದ ಸಾಕಾಯಿತು. ಬೇರೆ ಭಾಷೆಯಲ್ಲಿ ಬರೆದು ಪರಿವರ್ತಿಸಿದ ಯಾವುದಕ್ಕೂ ಪ್ರವೇಶವಿಲ್ಲವೆಂದಾಯಿತು. ಅಡೋಬಿಯನ್ನು ಗುರಿಯಾಗಿಸಿ ಹೂಡಿದ ಬಾಣ ಯುನಿಟಿಯಂತಹ ಸಲಕರಣೆಗಳಲ್ಲಿ ಆಟಗಳನ್ನು ತಯಾರಿಸುತ್ತಿದ್ದ ಸಣ್ಣಪುಟ್ಟ ತಂಡಗಳನ್ನೂ ಆತಂಕಕ್ಕೆ ದೂಡಿತು. ತಮ್ಮ ತಿಂಗಳುಗಳ ದುಡಿಮೆ ಒಂದು ವಾಕ್ಯದಿಂದ ನಿಷಿದ್ಧವಾದೀತೇ ಎಂದು ಅವರಿಗೆ ಖಚಿತವಾಗಿ ಹೇಳುವವರಿರಲಿಲ್ಲ.

ಏಪ್ರಿಲ್ ೨೯ರಂದು ಸ್ಟೀವ್ ಜಾಬ್ಸ್ ಬಹಿರಂಗ ಪತ್ರವೊಂದನ್ನು ಬರೆದು ತಮ್ಮ ನಿಲುವನ್ನು ವಿವರಿಸಿದರು. ಫ್ಲ್ಯಾಶ್ ಬ್ಯಾಟರಿಯನ್ನು ಹೆಚ್ಚು ತಿನ್ನುತ್ತದೆ, ಸುರಕ್ಷಿತವಲ್ಲ, ಬೆರಳಿನ ಸ್ಪರ್ಶಕ್ಕಾಗಿ ರೂಪುಗೊಂಡುದಲ್ಲ ಎಂಬುವು ಅವರ ಕೆಲವು ವಾದಗಳು. ಅತ್ಯಂತ ಮುಖ್ಯವೆಂದು ಅವರು ಕೊನೆಯಲ್ಲಿ ಹೇಳಿದ್ದು ಇನ್ನೊಂದು: ವೇದಿಕೆಗೂ ಆ್ಯಪ್ ತಯಾರಕನಿಗೂ ನಡುವೆ ಮೂರನೆಯವರ ಪದರವೊಂದು ಬಂದು ಕುಳಿತರೆ, ವೇದಿಕೆಯಲ್ಲಿ ಹೊಸ ಸೌಲಭ್ಯ ಬಂದಾಗ ಆ ಮೂರನೆಯವರು ಅದನ್ನು ಒದಗಿಸುವವರೆಗೆ ಎಲ್ಲರೂ ಕಾಯಬೇಕಾಗುತ್ತದೆ. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಎಲ್ಲ ಫೋನುಗಳಿಗೂ ಹೊಂದಬೇಕೆಂದು ಮಾಡಿದ ಆ್ಯಪ್ ಯಾವ ಫೋನಿಗೂ ಸರಿಯಾಗಿ ಹೊಂದದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅದೇ ನಿಯಮದಿಂದ ಇನ್ನೊಂದು ಫಲವೂ ಇತ್ತು. ಐಫೋನಿಗೆಂದು ಬರೆದುದು ಐಫೋನಿನಲ್ಲಿಯೇ ಉಳಿಯುತ್ತದೆ, ಪ್ರತಿಸ್ಪರ್ಧಿಯ ಅಂಗಡಿಗೆ ಸುಲಭವಾಗಿ ಹೋಗುವುದಿಲ್ಲ. ಅಂದಿನ ವಿಮರ್ಶಕರು ಇದನ್ನು ಎತ್ತಿ ಹೇಳಿದಾಗ ಅದನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ ೯ರಂದು ಆಪಲ್ ನಿಯಮವನ್ನು ಸಡಿಲಿಸಿತು: ಯಾವ ಸಲಕರಣೆಯಿಂದ ಬೇಕಾದರೂ ತಯಾರಿಸಿ, ಆದರೆ ಆ್ಯಪ್ ಹೊರಗಿನಿಂದ ಹೊಸ ಕೋಡ್ ಇಳಿಸಿಕೊಳ್ಳುವಂತಿಲ್ಲ. ಫ್ಲ್ಯಾಶ್ ಆಮೇಲೆ ಚೇತರಿಸಿಕೊಳ್ಳಲಿಲ್ಲ; ೨೦೨೦ರ ಡಿಸೆಂಬರ್ ೩೧ಕ್ಕೆ ಅಡೋಬಿಯೇ ಅದನ್ನು ಕೊನೆಗೊಳಿಸಿತು.

ಇಂದೂ ಐಫೋನಿನ ಆ್ಯಪ್ ಸಿದ್ಧಪಡಿಸಬೇಕಾದರೆ ಆಪಲ್‌ನದೇ ಮ್ಯಾಕ್ ಕಂಪ್ಯೂಟರ್ ಬೇಕು. ವರ್ಷಕ್ಕೆ ೯೯ ಡಾಲರ್ ಸದಸ್ಯತ್ವ ಶುಲ್ಕ ಕಟ್ಟಬೇಕು. ಆಂಡ್ರಾಯ್ಡಿಗೆ ಸಾಮಾನ್ಯ ಕಂಪ್ಯೂಟರ್ ಸಾಕು. ಗೂಗಲ್ ಪ್ಲೇ ಅಂಗಡಿಗೆ ಒಮ್ಮೆ ೨೫ ಡಾಲರ್ ಕಟ್ಟಿದರೆ ಆಯಿತು. ಬಿಡುವಿನ ವೇಳೆಯಲ್ಲಿ ವಚನಗಳನ್ನೋ ಗಾದೆಗಳನ್ನೋ ಸಂಗ್ರಹಿಸಿ ಉಚಿತವಾಗಿ ಹಂಚುವ ಕನ್ನಡಾಭಿಮಾನಿಯೊಬ್ಬನಿಗೆ ಈ ವ್ಯತ್ಯಾಸವೇ ನಿರ್ಣಾಯಕವಾಗುವುದು ಸಹಜ. ಹಾಗೆಂದು ಗೂಗಲ್‌ನಲ್ಲಿ ನಿಯಮಗಳಿಲ್ಲವೆಂದಲ್ಲ. ಅಲ್ಲಿ ಆಂಡ್ರಾಯ್ಡಿನ ಹೊಸ ಆವೃತ್ತಿಗಳಿಗೆ ತಕ್ಕಂತೆ ಆ್ಯಪ್ ಅನ್ನು ಕಾಲಕಾಲಕ್ಕೆ ತಿದ್ದುತ್ತಿರಬೇಕು. ಇಲ್ಲದಿದ್ದರೆ ಹೊಸ ಫೋನುಗಳಲ್ಲಿ ಹುಡುಕಿದವರಿಗೆ ಅದು ಕಾಣಿಸುವುದಿಲ್ಲ. ಒಮ್ಮೆ ಮಾಡಿ ಕೈಬಿಟ್ಟ ಎಷ್ಟೋ ಕನ್ನಡ ಆ್ಯಪ್‌ಗಳು ಹೀಗೆ ಸದ್ದಿಲ್ಲದೆ ಮರೆಯಾಗುತ್ತವೆ.

ಇನ್ನು ಕನ್ನಡದ ಕೀಲಿಮಣೆಯ ವಿಷಯ. ಅನುಮತಿಯ ತೊಡಕು ಎಂದರೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ಮಟ್ಟಿಗೆ ಬೇರೊಂದಿಲ್ಲ. ಫೋನಿನ ಕೀಲಿಮಣೆಯೂ ಒಂದು ತಂತ್ರಾಂಶವೇ. ಹೊರಗಿನವರು ತಯಾರಿಸಿದ ಕೀಲಿಮಣೆಗೆ ಆಂಡ್ರಾಯ್ಡ್ ೨೦೦೯ರಲ್ಲಿಯೇ, ತನ್ನ ೧.೫ನೆಯ ಆವೃತ್ತಿಯಲ್ಲಿ, ಬಾಗಿಲು ತೆರೆದಿತ್ತು. ಆಗ ಫೋನಿನಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ ಎಂಬುದು ನಿಜ. ೨೦೧೨ರಲ್ಲಿ ಬಂದ ೪.೧ನೆಯ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ದೊರೆಯಿತು. ಅಂದಿನಿಂದ ಆಂಡ್ರಾಯ್ಡಿನಲ್ಲಿ ಕನ್ನಡ ಬರೆಯಲು ಗೂಗಲ್ ತಾನಾಗಿ ಕೀಲಿಮಣೆ ಕೊಡಲೆಂದು ಕಾಯಬೇಕಾಗಿರಲಿಲ್ಲ. ಆಸಕ್ತಿಯುಳ್ಳ ಯಾರೇ ಆಗಲಿ ತಯಾರಿಸಿ ಕೊಡಬಹುದಿತ್ತು, ಕೊಟ್ಟರು ಕೂಡ.

ಐಫೋನಿನಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಆಪಲ್ ಕೊಟ್ಟ ಕೀಲಿಮಣೆಗಳ ಹೊರತು ಬೇರೆಯವಕ್ಕೆ ೨೦೧೪ರ ಸೆಪ್ಟೆಂಬರಿನವರೆಗೆ, ಅಂದರೆ ಐಓಎಸ್ ೮ ಬರುವವರೆಗೆ, ಪ್ರವೇಶವೇ ಇರಲಿಲ್ಲ. ಆಪಲ್ ಕೊಟ್ಟವುಗಳಲ್ಲಿ ಕನ್ನಡವೂ ಇರಲಿಲ್ಲ. ಕನ್ನಡ ಕೀಲಿಮಣೆ ತಯಾರಿಸಬಲ್ಲ ತಂತ್ರಜ್ಞರು ಬೆಂಗಳೂರಿನಲ್ಲಿಯೇ ಬೇಕಾದಷ್ಟು ಮಂದಿ ಇದ್ದರು. ಕೊರತೆ ಇದ್ದುದು ಜ್ಞಾನದ್ದಲ್ಲ, ಅನುಮತಿಯದು. ಉಳಿದಿದ್ದ ದಾರಿಯೆಂದರೆ ಪ್ರತ್ಯೇಕ ಆ್ಯಪ್ ಒಂದರೊಳಗೆ ಕನ್ನಡದಲ್ಲಿ ಬರೆದು, ಅದನ್ನು ನಕಲು ಮಾಡಿಕೊಂಡು, ಸಂದೇಶದ ಜಾಗದಲ್ಲಿ ಅಂಟಿಸುವುದು. ಯುಗಾದಿಯ ಶುಭಾಶಯಕ್ಕೆ ಇಷ್ಟು ಸರ್ಕಸ್ಸು ಮಾಡುವವರು ಎಷ್ಟು ಜನ? ಹೆಚ್ಚಿನವರು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಸುಮ್ಮನಾದರು. ಹೊರನಾಡಿನ ನಮ್ಮ ಮಕ್ಕಳಿಗೆ ಆ ಅಭ್ಯಾಸ ಇಂದಿಗೂ ಬಿಟ್ಟಿಲ್ಲ. ಆಪಲ್ ತನ್ನದೇ ಕನ್ನಡ ಕೀಲಿಮಣೆಯನ್ನು ಸೇರಿಸಿದ್ದು ೨೦೧೭ರಲ್ಲಿ, ಐಓಎಸ್ ೧೧ರೊಂದಿಗೆ.

ಆಪಲ್ ಪಕ್ಷದ ಮಾತನ್ನೂ ಹೇಳಬೇಕು. ಕೀಲಿಮಣೆ ಎಂದರೆ ನಾವು ಬರೆಯುವ ಪ್ರತಿಯೊಂದು ಅಕ್ಷರವನ್ನೂ ನೋಡಬಲ್ಲ ತಂತ್ರಾಂಶ. ದುರುದ್ದೇಶವುಳ್ಳವನ ಕೈಯಲ್ಲಿ ಅದು ಗುಪ್ತಪದಗಳನ್ನು ಕದಿಯುವ ಸಾಧನವಾಗಬಲ್ಲದು. ಆದಕಾರಣವೇ ಐಫೋನಿನಲ್ಲಿ ಗುಪ್ತಪದ ತುಂಬುವ ಜಾಗಕ್ಕೆ ಬಂದೊಡನೆ ಹೊರಗಿನ ಕೀಲಿಮಣೆ ಹಿಂದೆ ಸರಿದು ಆಪಲ್‌ನದೇ ಕಾಣಿಸಿಕೊಳ್ಳುತ್ತದೆ. ಬಳಕೆದಾರನು ವಿಶೇಷವಾಗಿ ಒಪ್ಪದೆ ಹೊರಗಿನ ಕೀಲಿಮಣೆಯು ಅಂತರ್ಜಾಲವನ್ನು ಮುಟ್ಟುವಂತಿಲ್ಲ. ಇದು ವಿವೇಕದ ಕ್ರಮವೆಂದೇ ನನ್ನ ಅಭಿಪ್ರಾಯ. ಆದರೆ ಇಂತಹ ಕಾವಲನ್ನು ಇಟ್ಟುಕೊಂಡೇ ಬಾಗಿಲು ತೆರೆಯಬಹುದಾಗಿತ್ತೆಂಬುದನ್ನು ೨೦೧೪ರ ನಂತರದ ಅನುಭವವೇ ತೋರಿಸಿದೆ.

ಬ್ಯಾಂಕಿನಲ್ಲಿ ಕೆಲಸ ಮಾಡುವವರು ನಿತ್ಯ ಕಾಣುವ ಇನ್ನೊಂದು ಉದಾಹರಣೆ ಯುಪಿಐ. ೨೦೧೬ರ ಡಿಸೆಂಬರ್ ೩೦ರಂದು ಬಿಡುಗಡೆಯಾದ ಭೀಮ್ ಆ್ಯಪ್ ಮೊದಲಿಗೆ ಆಂಡ್ರಾಯ್ಡಿಗೆ ಮಾತ್ರ ಇದ್ದು, ಐಫೋನಿಗೆ ೨೦೧೭ರ ಫೆಬ್ರವರಿಯಲ್ಲಿ ಬಂದಿತು. ಯುಪಿಐ ವ್ಯವಸ್ಥೆಯಲ್ಲಿ ನಿಮ್ಮ ಖಾತೆಗೆ ನೋಂದಾಯಿಸಿದ ಸಿಮ್ ಇದೇ ಫೋನಿನಲ್ಲಿದೆಯೆಂದು ಖಚಿತಪಡಿಸಿಕೊಳ್ಳಲು ಆರಂಭದಲ್ಲಿ ಆ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಹೊರಡಬೇಕು. ಆಂಡ್ರಾಯ್ಡಿನಲ್ಲಿ ನೀವು ಒಮ್ಮೆ ಅನುಮತಿ ಕೊಟ್ಟರೆ ಆ್ಯಪ್ ತಾನೇ ಅದನ್ನು ಕಳುಹಿಸುತ್ತದೆ. ಐಫೋನಿನಲ್ಲಿ ಯಾವ ಆ್ಯಪ್‌ಗೂ ತಾನಾಗಿ ಎಸ್ಸೆಮ್ಮೆಸ್ ಕಳುಹಿಸುವ ಅಧಿಕಾರವಿಲ್ಲ. ಸಂದೇಶವನ್ನು ಬರೆದು ಮುಂದಿಡಬಹುದು, ಕಳುಹಿಸುವ ಗುಂಡಿಯನ್ನು ನೀವೇ ಒತ್ತಬೇಕು. ಅರ್ಥವಾಗದ ಅಕ್ಷರ, ಅಂಕಿಗಳ ಉದ್ದನೆಯ ಸಂದೇಶವನ್ನು ಕಂಡು ಇದೇನೋ ಮೋಸವಿರಬೇಕೆಂದು ಅಳಿಸಿಬಿಟ್ಟು, ನೋಂದಣಿ ಆಗಲಿಲ್ಲವೆಂದು ಶಾಖೆಗೆ ಬರುವ ಹಿರಿಯರಿದ್ದಾರೆ. ಅವರ ಎಚ್ಚರಿಕೆಯನ್ನು ತಪ್ಪೆನ್ನಲಾಗದು. ಒಂದೇ ಬ್ಯಾಂಕಿನ ಒಂದೇ ಆ್ಯಪ್ ಪತಿಯ ಫೋನಿನಲ್ಲಿ ಒಂದು ರೀತಿ, ಪತ್ನಿಯ ಫೋನಿನಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುವುದಕ್ಕೆ ಇಂತಹ ಕಾರಣಗಳಿರುತ್ತವೆ. ಆಂಡ್ರಾಯ್ಡ್ ಕೂಡ ಈಗ ಮೊದಲಿನಷ್ಟು ಉದಾರಿಯಲ್ಲ. ಎಸ್ಸೆಮ್ಮೆಸ್ ಮತ್ತು ಕರೆಗಳ ಪಟ್ಟಿಯನ್ನು ಓದುವ ಅನುಮತಿಯನ್ನು ತಕ್ಕ ಕಾರಣವಿರುವ ಆ್ಯಪ್‌ಗಳಿಗೆ ಮಾತ್ರ ಸೀಮಿತಗೊಳಿಸುವುದಾಗಿ ಗೂಗಲ್ ೨೦೧೮ರಲ್ಲಿ ಪ್ರಕಟಿಸಿತು.

ಆ್ಯಪ್‌ಗಳು ಬಾರದಿದ್ದರೆ ವೇದಿಕೆಯೇ ಉಳಿಯುವುದಿಲ್ಲ. ಆ್ಯಪ್‌ಗಳಿಲ್ಲವೆಂದು ಜನ ಫೋನು ಕೊಳ್ಳುವುದಿಲ್ಲ. ಜನರಿಲ್ಲವೆಂದು ತಯಾರಕರು ಆ್ಯಪ್ ಬರೆಯುವುದಿಲ್ಲ. ಈ ಸುಳಿಯಿಂದ ಪಾರಾಗಲು ಬ್ಲ್ಯಾಕ್‌ಬೆರಿ ತನ್ನ ಹೊಸ ಫೋನುಗಳಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳೇ ಓಡುವಂತೆ ಮಾಡಿತು. ಮೈಕ್ರೋಸಾಫ್ಟ್ ೨೦೧೫ರಲ್ಲಿ ಎರಡು ಸೇತುವೆಗಳನ್ನು ಘೋಷಿಸಿತು: ಆಂಡ್ರಾಯ್ಡಿನಿಂದ ಬರುವವರಿಗೆ ಅಸ್ಟೋರಿಯಾ, ಐಫೋನಿನಿಂದ ಬರುವವರಿಗೆ ಐಲ್ಯಾಂಡ್‌ವುಡ್. ಮರುವರ್ಷವೇ ಅಸ್ಟೋರಿಯಾವನ್ನು ಕೈಬಿಟ್ಟಿತು. ವಿಂಡೋಸ್ ಫೋನಿನಲ್ಲಿ ವಾಟ್ಸಾಪ್ ೨೦೧೯ರ ಡಿಸೆಂಬರ್ ೩೧ಕ್ಕೆ ನಿಂತಾಗ ಆ ಫೋನನ್ನು ಇಟ್ಟುಕೊಳ್ಳಲು ಉಳಿದಿದ್ದ ಕಾರಣವೂ ಹೋಯಿತು. ನಮ್ಮಲ್ಲಿ ೨೦೧೭ರಲ್ಲಿ ಬಂದ ಜಿಯೋಫೋನಿಗೆ ವಾಟ್ಸಾಪ್ ದೊರೆತುದು ೨೦೧೮ರ ಸೆಪ್ಟೆಂಬರಿನಲ್ಲಿ. ಅದರ ಕೈಓಎಸ್ ವ್ಯವಸ್ಥೆಗೆ ತಕ್ಕಂತೆ ಬೇರೆಯಾಗಿಯೇ ತಯಾರಿಸಬೇಕಾಯಿತು. ಚೀನಾದ ಹುವಾವೇ ಸಂಸ್ಥೆಯದು ಇನ್ನೊಂದು ಕಥೆ. ೨೦೧೯ರಲ್ಲಿ ಅಮೆರಿಕದ ನಿರ್ಬಂಧಕ್ಕೊಳಗಾಗಿ ಅದರ ಹೊಸ ಫೋನುಗಳಿಗೆ ಗೂಗಲ್ ಸೇವೆಗಳು ಇಲ್ಲವಾದವು. ೨೦೨೪ರಲ್ಲಿ ಅದು ಹೊರತಂದ ಹೊಸ ಹಾರ್ಮೊನಿ ವ್ಯವಸ್ಥೆಯಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳು ನೇರವಾಗಿ ಓಡುವುದೇ ಇಲ್ಲ. ಅಷ್ಟು ದೊಡ್ಡ ಸಂಸ್ಥೆಗೆ, ಅಷ್ಟು ದೊಡ್ಡ ದೇಶದ ಮಾರುಕಟ್ಟೆಯ ಬಲವಿದ್ದುದರಿಂದ ಅದು ಸಾಧ್ಯವಾಯಿತೆನ್ನಬೇಕು.

ಒಮ್ಮೆ ಬರೆದು ಎರಡೂ ಕಡೆ ಓಡಿಸುವ ಸಲಕರಣೆಗಳು ಈಗ ಸಾಕಷ್ಟಿವೆ. ಫೇಸ್‌ಬುಕ್‌ನ ರಿಯಾಕ್ಟ್ ನೇಟಿವ್ ೨೦೧೫ರಲ್ಲಿ, ಗೂಗಲ್‌ನ ಫ್ಲಟ್ಟರ್‌ನ ಮೊದಲ ಪೂರ್ಣ ಆವೃತ್ತಿ ೨೦೧೮ರಲ್ಲಿ ಬಂದವು. ತಾಂತ್ರಿಕ ತೊಡಕಿನ ದೊಡ್ಡ ಪಾಲನ್ನು ಇವು ಕರಗಿಸಿವೆ. ಅನುಮತಿಯ ತೊಡಕನ್ನು ಮಾತ್ರ ಇವು ಮುಟ್ಟಲಾರವು. ಫ್ಲಟ್ಟರ್‌ನಲ್ಲಿ ಬರೆದ ಆ್ಯಪ್ ಕೂಡ ಐಫೋನಿನಲ್ಲಿ ತಾನಾಗಿ ಎಸ್ಸೆಮ್ಮೆಸ್ ಕಳುಹಿಸಲಾರದು.

ಅಂಗಡಿಯ ಒಡೆತನಕ್ಕೆ ಹಣದ ಮುಖವೂ ಇದೆ. ಆ್ಯಪ್‌ನೊಳಗೆ ನಡೆಯುವ ಡಿಜಿಟಲ್ ಮಾರಾಟದಲ್ಲಿ ಎರಡೂ ಸಂಸ್ಥೆಗಳು ಬಹುಕಾಲ ಶೇಕಡಾ ೩೦ರಷ್ಟು ಪಾಲು ಪಡೆಯುತ್ತಿದ್ದವು. ೨೦೨೧ರಿಂದ ಸಣ್ಣ ತಯಾರಕರಿಗೆ ಅದನ್ನು ೧೫ಕ್ಕೆ ಇಳಿಸಿದವು. ಎಪಿಕ್ ಗೇಮ್ಸ್ ಸಂಸ್ಥೆ ೨೦೨೦ರ ಆಗಸ್ಟ್ ೧೩ರಂದು ತನ್ನ ಫೋರ್ಟ್‌ನೈಟ್ ಆಟದಲ್ಲಿ ನೇರ ಪಾವತಿಯ ದಾರಿ ತೆರೆದಾಗ ಅದೇ ದಿನ ಎರಡೂ ಅಂಗಡಿಗಳು ಆ ಆಟವನ್ನು ಹೊರಹಾಕಿದವು. ಆಂಡ್ರಾಯ್ಡಿನಲ್ಲಿ ಅಂಗಡಿಯ ಹೊರಗಿನಿಂದಲೂ ಅದನ್ನು ಹಾಕಿಕೊಳ್ಳಬಹುದಿತ್ತು, ಐಫೋನಿನಲ್ಲಿ ಆ ದಾರಿಯೇ ಇರಲಿಲ್ಲ. ದೀರ್ಘ ವ್ಯಾಜ್ಯದ ನಂತರ ಅಮೆರಿಕದ ಐಫೋನುಗಳಿಗೆ ಆ ಆಟ ಮರಳಿದ್ದು ೨೦೨೫ರ ಮೇ ತಿಂಗಳಲ್ಲಿ. ನಮ್ಮ ದೇಶದಲ್ಲಿ ಭಾರತೀಯ ಸ್ಪರ್ಧಾ ಆಯೋಗವು ೨೦೨೨ರ ಅಕ್ಟೋಬರಿನಲ್ಲಿ ಗೂಗಲ್‌ಗೆ ಎರಡು ಬಾರಿ ದಂಡ ವಿಧಿಸಿತು: ಒಮ್ಮೆ ೧,೩೩೭.೭೬ ಕೋಟಿ ರೂಪಾಯಿ, ಪಾವತಿ ನಿಯಮಗಳ ಸಂಬಂಧ ಇನ್ನೊಮ್ಮೆ ೯೩೬.೪೪ ಕೋಟಿ. ಎರಡನೆಯದನ್ನು ಮೇಲ್ಮನವಿ ನ್ಯಾಯಮಂಡಳಿ ೨೦೨೫ರ ಮಾರ್ಚಿನಲ್ಲಿ ೨೧೬.೬೯ ಕೋಟಿಗೆ ಇಳಿಸಿತು. ನಡುವೆ ೨೦೨೪ರ ಮಾರ್ಚ್ ೧ರಂದು, ಶುಲ್ಕದ ವಿವಾದದಲ್ಲಿ, ಭಾರತ್ ಮ್ಯಾಟ್ರಿಮನಿ, ನೌಕ್ರಿ ಮೊದಲಾದ ಭಾರತೀಯ ಆ್ಯಪ್‌ಗಳನ್ನು ಗೂಗಲ್ ತನ್ನ ಅಂಗಡಿಯಿಂದ ತೆಗೆದುಹಾಕಿತು. ಸರಕಾರ ಮಧ್ಯೆ ಪ್ರವೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ಮಗಳಿಗೆ ವರನನ್ನು ಹುಡುಕುತ್ತಿದ್ದ ತಂದೆತಾಯಿಯರಿಗೆ ಅಂಗಡಿಯ ಒಡೆಯ ಯಾರೆಂಬುದು ಆ ವಾರ ತಿಳಿದಿರಬೇಕು.

ಯುರೋಪಿನ ಒಕ್ಕೂಟ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಒತ್ತಾಯದಿಂದ ೨೦೨೪ರ ಮಾರ್ಚಿನಲ್ಲಿ ಆಪಲ್ ತನ್ನದಲ್ಲದ ಅಂಗಡಿಗಳಿಗೂ ಐಫೋನಿನಲ್ಲಿ ಜಾಗ ಕೊಡಬೇಕಾಯಿತು. ಆ ಸೌಲಭ್ಯ ಆ ದೇಶಗಳವರಿಗೆ. ಇಲ್ಲಿ ಕೊಂಡ ಐಫೋನಿಗೆ ಅನ್ವಯಿಸದು.

ಫೋನು ಬದಲಿಸುವವರು ನೆನಪಿಡಬೇಕಾದ ಒಂದೆರಡು ಸಂಗತಿಗಳಿವೆ. ಹಣ ಕೊಟ್ಟು ಕೊಂಡ ಆ್ಯಪ್ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಬರುವುದಿಲ್ಲ. ಆದರೆ ವರ್ಷದ ಚಂದಾ ಕೊಟ್ಟು ಪಡೆವ ಪತ್ರಿಕೆ, ಸಂಗೀತ ಮುಂತಾದ ಸೇವೆಗಳಿಗೆ ಹೆಚ್ಚಾಗಿ ಅದೇ ಖಾತೆಯಿಂದ ಎರಡೂ ಕಡೆ ಪ್ರವೇಶವಿರುತ್ತದೆ. ವಾಟ್ಸಾಪ್‌ನ ಹಳೆಯ ಸಂದೇಶಗಳನ್ನು ಆಂಡ್ರಾಯ್ಡ್ ಗೂಗಲ್ ಡ್ರೈವ್‌ನಲ್ಲಿಯೂ ಐಫೋನು ಐಕ್ಲೌಡ್‌ನಲ್ಲಿಯೂ ಕಾದಿಡುವುದರಿಂದ ಒಂದರದು ಇನ್ನೊಂದಕ್ಕೆ ಸಲ್ಲದು. ೨೦೨೧ರಲ್ಲಿ ಐಫೋನಿನಿಂದ ಸ್ಯಾಮ್‌ಸಂಗ್ ಫೋನಿಗೂ, ೨೦೨೨ರಲ್ಲಿ ಆಂಡ್ರಾಯ್ಡಿನಿಂದ ಐಫೋನಿಗೂ ಅವನ್ನು ಸಾಗಿಸುವ ಪ್ರತ್ಯೇಕ ವಿಧಾನಗಳು ಬಂದಿವೆ. ಹಳೆಯ ಫೋನನ್ನು ಅಳಿಸಿ ಮಾರುವ ಮೊದಲು, ಎರಡೂ ಫೋನುಗಳು ಕೈಯಲ್ಲಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಬೇಕು. ತೀರಿಹೋದವರ ಧ್ವನಿಸಂದೇಶಗಳು ಅದರಲ್ಲಿದ್ದರಂತೂ ನಾಳೆಗೆ ಬಿಡಬಾರದು.

ತಮ್ಮ ಸಂಘಕ್ಕೂ ಒಂದು ಆ್ಯಪ್ ಬೇಕೆಂದು ಅನೇಕ ಕನ್ನಡ ಸಂಘಗಳ ಸಭೆಗಳಲ್ಲಿ ಪ್ರಸ್ತಾಪ ಬರುತ್ತಿರುತ್ತದೆ. ಕೆಲವು ನೂರು ಕುಟುಂಬಗಳ ಸಂಘ ಎರಡು ವೇದಿಕೆಗಳಿಗೆ ಎರಡು ಆ್ಯಪ್ ಮಾಡಿಸಿ, ಪ್ರತಿವರ್ಷ ಅವನ್ನು ತಿದ್ದಿಸುತ್ತಾ ಹೋಗುವುದು ದುಬಾರಿಯ ಬಾಬತ್ತು. ಉತ್ಸಾಹಿ ಯುವಕನೊಬ್ಬ ಉಚಿತವಾಗಿ ಮಾಡಿಕೊಟ್ಟರೂ ಅವನಿಗೆ ಊರು ಬದಲಾದ ಮೇಲೆ ಅದನ್ನು ನೋಡಿಕೊಳ್ಳುವವರು ಬೇಕು. ಸದಸ್ಯರ ಪಟ್ಟಿ, ಕಾರ್ಯಕ್ರಮಗಳ ವಿವರ, ಪ್ರವೇಶಪತ್ರದ ಕಾಯ್ದಿರಿಸುವಿಕೆ, ಇಷ್ಟೇ ಆಗಿದ್ದರೆ ಫೋನಿನ ಪರದೆಗೆ ಒಗ್ಗುವಂತೆ ರೂಪಿಸಿದ ಜಾಲತಾಣ ಸಾಕು. ಅದಕ್ಕೆ ಯಾವ ಅಂಗಡಿಯ ಅನುಮತಿಯೂ ಬೇಡ. ಕಾರ್ಯಕ್ರಮದ ಹಿಂದಿನ ದಿನ ಸದಸ್ಯರ ಫೋನಿಗೆ ಸೂಚನೆ ಹೋಗಬೇಕೆಂಬ ಬೇಡಿಕೆಯೂ ಈಗ ಈಡೇರುತ್ತದೆ. ಆಂಡ್ರಾಯ್ಡಿನಲ್ಲಿ ಜಾಲತಾಣಗಳಿಗೆ ಈ ಸೌಲಭ್ಯ ಮೊದಲಿನಿಂದ ಇದೆ. ಐಫೋನಿನಲ್ಲಿ ೨೦೨೩ರ ಮಾರ್ಚಿನಿಂದ, ಐಓಎಸ್ ೧೬.೪ರಲ್ಲಿ, ದೊರೆಯಿತು, ಆದರೆ ಸದಸ್ಯರು ಆ ಜಾಲತಾಣವನ್ನು ಮೊದಲು ತಮ್ಮ ಫೋನಿನ ಮುಖಪುಟಕ್ಕೆ ಸೇರಿಸಿಕೊಂಡಿರಬೇಕು. ಅದನ್ನು ಹೇಗೆ ಮಾಡುವುದೆಂದು ವಾರ್ಷಿಕ ಸಭೆಯ ದಿನ ಬಾಗಿಲ ಬಳಿ ಇಬ್ಬರು ಸ್ವಯಂಸೇವಕರು ಕುಳಿತು ತೋರಿಸಿಕೊಟ್ಟರೆ ಆಯಿತು.